ನೀರು ಕುಡಿಸುವ ಊರಲ್ಲಿ ಒಂದಕ್ಕೆ ಎಲ್ಲಿ ಹೋಗೋದು?

ಅಮ್ಮ ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ವ್ರತ ಗಿತ ಅಲ್ಲ, ಅಭ್ಯಾಸ. ಬೆಳಿಗ್ಗೆ ಬಸ್ಸು ಹತ್ತಬೇಕು ಅಂದರೆ ಹಿಂದಿನ ರಾತ್ರಿಯಿಂದಲೇ ನೀರು ಕಮ್ಮಿ. ತಿಂಡಿ ಆದ ಮೇಲೆ ಎರಡು ಗುಟುಕು, ಮಾತ್ರೆ ನುಂಗಲು ಇನ್ನೊಂದು ಗುಟುಕು, ಮುಗಿಯಿತು. ಚಿಕ್ಕಮ್ಮಂದಿರೂ ಹಾಗೇ, ಅಕ್ಕನೂ ಹಾಗೇ. ಹೆಂಗಸರಿಗೆ ಬಾಯಾರಿಕೆಯೇ ಕಮ್ಮಿ ಅಂತ ನಾನು ತುಂಬಾ ವರ್ಷ ನಂಬಿದ್ದೆ. ಬಸ್ಸು ನಿಂತ ಕಡೆ ಗಂಡಸರು ಇಳಿದು ಬೇಲಿ ಕಡೆ ಮುಖ ಮಾಡಿ ನಿಂತು ಬರುತ್ತಿದ್ದರು. ಹೆಂಗಸರು ಕಿಟಕಿ ಪಕ್ಕ ಸುಮ್ನೆ ಕೂತಿರುತ್ತಿದ್ದರು.

ಇಂಥ ಅಮ್ಮನನ್ನು ಕಳೆದ ಬೇಸಿಗೆಯಲ್ಲಿ ನಾನು ಕರೆದುಕೊಂಡು ಹೋಗಿದ್ದು ನೀರು ಕುಡಿಯುವುದಕ್ಕೆಂದೇ ಇರುವ ಊರಿಗೆ.

ನಾನು ಜರ್ಮನಿಗೆ ಬಂದು ಹನ್ನೊಂದು ವರ್ಷ ಆಯಿತು. ಔಷಧಿ ಗುಣದ ನೀರಿನ ಬುಗ್ಗೆ ಇರುವ ಇಲ್ಲಿನ ಎಷ್ಟೋ ಊರುಗಳ ಹೆಸರಿನ ಮುಂದೆ ‘ಬಾಡ್’ ಅಂತ ಇರುತ್ತದೆ. ಬಾಡ್ ಅಂದರೆ ಸ್ನಾನ. ಬೇಕಾದವರೆಲ್ಲ ಹಾಕಿಕೊಳ್ಳುವ ಹಾಗಿಲ್ಲ, ಅದಕ್ಕೆ ಸರ್ಕಾರದ ಮಾನ್ಯತೆ ಬೇಕು. ಹೀಗೆ ಮಾನ್ಯತೆ ಪಡೆದ ಆರೋಗ್ಯಧಾಮಗಳು ದೇಶದಲ್ಲಿ ಸುಮಾರು 350 ಇವೆ. 2021ರಲ್ಲಿ ಯುನೆಸ್ಕೊ ಯುರೋಪಿನ ಇಂಥ 11 ಊರುಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಡೆನ್-ಬಾಡೆನ್, ಬಾಡ್ ಎಮ್ಸ್, ಬಾಡ್ ಕಿಸ್ಸಿಂಗೆನ್ ಜರ್ಮನಿಯವು. ನಾವು ಹೋದದ್ದು ಅಷ್ಟು ದೊಡ್ಡ ಹೆಸರಿನ ಊರಿಗಲ್ಲ. ಒಂದು ಚರ್ಚು, ಒಂದು ಮುಖ್ಯ ಬೀದಿ, ಒಂದು ಪಾರ್ಕು, ಅಷ್ಟೇ ಊರು. ಬೋರ್ಡನ್ನು ಇಂಗ್ಲಿಷಿನ ಹಾಗೆ ಓದಿದ ಅಮ್ಮ, “ಇದೇನೋ, ಊರಿನ ಹೆಸರೇ ಬ್ಯಾಡ್ ಅಂತಿದೆ” ಅಂದಳು.

ಪಾರ್ಕಿನ ಹೆಸರು ಅವಳಿಗೆ ಇನ್ನೂ ಇಷ್ಟವಾಯಿತು. ಕೂರ್‌ಪಾರ್ಕ್. ಜರ್ಮನ್‌ನಲ್ಲಿ ಕೂರ್ ಅಂದರೆ ಚಿಕಿತ್ಸೆ. ಅಮ್ಮನಿಗೆ ಅದು ಕೂರುವ ಪಾರ್ಕು. ತಪ್ಪೇನಿಲ್ಲ, ಹತ್ತು ಹೆಜ್ಜೆಗೊಂದು ಬೆಂಚು, ಪ್ರತಿ ಬೆಂಚಿನ ಮೇಲೂ ಒಬ್ಬರು ಅಜ್ಜನೋ ಅಜ್ಜಿಯೋ. ನಡುವೆ ಕಂಬಗಳ ಒಂದು ಮಂಟಪ. ಒಳಗೆ ಸಾಲಾಗಿ ಹಿತ್ತಾಳೆ ನಲ್ಲಿಗಳು. ಒಂದೊಂದು ನಲ್ಲಿಯ ಮೇಲೂ ಲೀಟರಿಗೆ ಎಷ್ಟು ಮಿಲಿಗ್ರಾಂ ಸೋಡಿಯಂ, ಎಷ್ಟು ಸಲ್ಫೇಟ್ ಅಂತ ಪಟ್ಟಿ. ಬಿಳಿ ಏಪ್ರನ್ ಹಾಕಿಕೊಂಡ ಹೆಂಗಸು ಗಾಜಿನ ಲೋಟದಲ್ಲಿ ತುಂಬಿಸಿ ಕೊಟ್ಟರು. ಗಟಗಟ ಕುಡಿಯಬಾರದು, ಗುಟುಕು ಗುಟುಕಾಗಿ ಕುಡಿಯುತ್ತಾ ನಡೆಯಬೇಕು. ಅದೇ ಪದ್ಧತಿ.

ಅಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದಳು. “ತುಕ್ಕು ಹಿಡಿದ ಬಕೆಟ್ಟಲ್ಲಿ ಉಪ್ಪು ಸೋಡಾ ಮಾಡಿದ ಹಾಗಿದೆ.” ಆದರೆ ಔಷಧಿ ಅಂದ ಮೇಲೆ ಚೆಲ್ಲುವುದುಂಟೇ? ಪೂರ್ತಿ ಕುಡಿದಳು. ಮಂಡಿನೋವಿಗೂ ಒಳ್ಳೆಯದಂತೆ ಅಂತ ನಾನೇ ಸುಮ್ನೆ ಸೇರಿಸಿದೆ. ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡಳು.

ನನಗೆ ಗೊತ್ತಿರಬೇಕಿತ್ತು. ಈ ಬುಗ್ಗೆಗಳಲ್ಲಿ ಹಲವು ಹೆಸರು ಮಾಡಿದ್ದೇ ಹೊಟ್ಟೆ ಕ್ಲೀನ್ ಮಾಡುವುದಕ್ಕೆ. ಸಲ್ಫೇಟ್ ಜಾಸ್ತಿ ಇರುವ ನೀರಿನ ಉಪ್ಪನ್ನು ಕರುಳು ಅಷ್ಟು ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಅದು ಕರುಳಲ್ಲೇ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಓಟ. ಮೆಡಿಕಲ್ ಶಾಪಿನಲ್ಲಿ ಸಿಗುವ ಎಪ್ಸಮ್ ಸಾಲ್ಟಿಗೆ ಆ ಹೆಸರು ಬಂದದ್ದೇ ಇಂಗ್ಲೆಂಡಿನ ಅಂಥದ್ದೊಂದು ಬುಗ್ಗೆಯ ಊರಿನಿಂದ. ಅಂದರೆ ಇಂಥ ಊರಿಗೆ ಶೌಚಾಲಯ ಅನ್ನುವುದು ದೇವಸ್ಥಾನಕ್ಕೆ ಪ್ರಸಾದ ಇದ್ದ ಹಾಗೆ, ಇರಲೇಬೇಕು. ಇತ್ತೂ ಕೂಡ. ಮಂಟಪದ ಪಕ್ಕದಲ್ಲೇ.

ಇಪ್ಪತ್ತು ನಿಮಿಷ ಕಳೆದಿರಬೇಕು. ಗುಲಾಬಿ ಮಡಿಗಳ ಹತ್ತಿರ ಅಮ್ಮ ನಿಂತುಬಿಟ್ಟಳು. “ಲೋ, ಇಲ್ಲಿ ಎಲ್ಲಾದ್ರೂ...” ಅಂದು ಸುಮ್ಮನಾದಳು. ನಮ್ಮ ಅಮ್ಮಂದಿರು ಈ ವಾಕ್ಯವನ್ನು ಪೂರ್ತಿ ಮಾಡಿದ್ದನ್ನು ನಾನು ಕೇಳಿಲ್ಲ.

ವಾಪಸ್ ಮಂಟಪಕ್ಕೆ ಬಂದರೆ ಬಾಗಿಲು ಹಾಕಿತ್ತು. ಮಧ್ಯಾಹ್ನದ ಬಿಡುವು, ಮತ್ತೆ ತೆರೆಯುವುದು ಮೂರಕ್ಕೆ. ಶೌಚಾಲಯಕ್ಕೂ ಬಿಡುವು. ನಲ್ಲಿಗೆ ಬಿಡುವು ಕೊಡಬಹುದು, ಕುಡಿದವರ ಹೊಟ್ಟೆಗೆ ಕೊಡೋಕಾಗುತ್ತಾ?

ಪಾರ್ಕಿನ ಇನ್ನೊಂದು ಮೂಲೆಯಲ್ಲಿ ಸ್ಟೀಲ್ ಡಬ್ಬಿಯಂಥದ್ದೊಂದು ನಿಂತಿತ್ತು. 50 ಸೆಂಟ್ ನಾಣ್ಯ ಹಾಕಿದರೆ ಬಾಗಿಲು ತಾನಾಗಿ ಸರಿಯುತ್ತದೆ, ಹೊರಗೆ ಬಂದ ಮೇಲೆ ಒಳಗೆಲ್ಲ ತಾನೇ ತೊಳೆದುಕೊಳ್ಳುತ್ತದೆ. ನನ್ನ ಹತ್ತಿರ ಕಾರ್ಡಿತ್ತು, ಫೋನಿತ್ತು, ನಾಣ್ಯ ಮಾತ್ರ ಇರಲಿಲ್ಲ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬರನ್ನು ಬೇಡಿ ಐದು ಯೂರೋ ನೋಟಿಗೆ ಚಿಲ್ಲರೆ ಮಾಡಿಸಿದೆ. ಬಾಗಿಲು ಸರಿಯಿತು. ಅಮ್ಮ ಒಳಗೆ ಇಣುಕಿದಳು. ಒದ್ದೆ ನೆಲ, ನೀಲಿ ಬೆಳಕು, ಚಿಲಕ ಇಲ್ಲ, ಬರೀ ಬಟನ್. “ಲಿಫ್ಟ್ ಇದ್ದ ಹಾಗಿದೆ. ಒಳಗಿದ್ದಾಗಲೇ ತೊಳೆಯೋಕೆ ಶುರು ಮಾಡಿದ್ರೆ? ನಾನು ಹೋಗಲ್ಲಪ್ಪ.” ಬಾಗಿಲು ಮುಚ್ಚಿಕೊಂಡಿತು. ನನ್ನ 50 ಸೆಂಟಿಗೆ ಅದು ತನ್ನನ್ನು ತಾನೇ ತೊಳೆದುಕೊಂಡ ಸದ್ದು ಕೇಳಿಸಿತು.

ಭಾನುವಾರ ಬೇರೆ. ಜರ್ಮನಿಯಲ್ಲಿ ಭಾನುವಾರ ಹೆಚ್ಚಿನ ಅಂಗಡಿ ತೆರೆಯುವುದಿಲ್ಲ. ತೆರೆದಿದ್ದ ಒಂದು ಕೆಫೆಯ ಬಾಗಿಲಲ್ಲಿ ‘ಶೌಚಾಲಯ ನಮ್ಮ ಗಿರಾಕಿಗಳಿಗೆ ಮಾತ್ರ’ ಅಂತ ಚೀಟಿ. ಹಾಗಾದರೆ ಗಿರಾಕಿಯಾಗೋಣ ಅಂದೆ. ಅಮ್ಮ ಒಪ್ಪಲಿಲ್ಲ. “ಒಂದಕ್ಕೆ ಹೋಗೋಕೆ ಕಾಫಿ ಕುಡಿಯೋದು, ಕಾಫಿ ಕುಡಿದಿದ್ದಕ್ಕೆ ಮತ್ತೆ ಒಂದಕ್ಕೆ ಹೋಗೋದು. ಇದು ಮುಗಿಯೋ ಕಥೆಯಾ?” ಅಲ್ಲದೆ ಖಾಲಿ ಟೇಬಲ್ಲೂ ಇರಲಿಲ್ಲ.

ನಮ್ಮನ್ನು ಕಾಪಾಡಿದ್ದು ತಳ್ಳುಗಾಡಿಯಂಥ ವಾಕರ್ ಹಿಡಿದು ಬರುತ್ತಿದ್ದ ಒಬ್ಬ ಅಜ್ಜಿ. ನಾನು ಕೇಳಿದ ಕೂಡಲೇ, ಯೋಚನೆಯನ್ನೂ ಮಾಡದೆ ಹೇಳಿದರು: ಚರ್ಚಿನ ಹಿಂದೆ, ಫ್ರೀಡ್‌ಹೋಫ್. ಯಾವಾಗಲೂ ತೆರೆದಿರುತ್ತದೆ, ದುಡ್ಡಿಲ್ಲ, ಕ್ಲೀನಾಗಿದೆ. ಅವರು ಹೋಗುವುದೂ ಅಲ್ಲಿಗೇ ಅಂತೆ.

“ಏನಂದ್ರು?” ಅಂದಳು ಅಮ್ಮ.

“ಸ್ಮಶಾನದಲ್ಲಿದೆ ಅಂತೆ.”

ಅಮ್ಮ ನನ್ನ ಮುಖ ನೋಡಿದಳು. ಆದರೆ ಆ ಹೊತ್ತಿಗೆ ಶಾಸ್ತ್ರ ಕೇಳುವ ಸ್ಥಿತಿ ದಾಟಿತ್ತು.

ಇಲ್ಲಿನ ಸ್ಮಶಾನ ಅಂದರೆ ತೋಟ. ಪ್ರತಿ ಸಮಾಧಿಯ ಮೇಲೂ ಹೂಗಿಡ, ಅದಕ್ಕೆ ನೀರು ಹಾಕಲು ಅಲ್ಲಲ್ಲಿ ನಲ್ಲಿ, ನಲ್ಲಿ ಪಕ್ಕ ಹಸಿರು ನೀರು-ಕ್ಯಾನುಗಳು ಸಾಲಾಗಿ ನೇತಾಡುತ್ತಿರುತ್ತವೆ. ಯಾರೂ ಒಯ್ಯದಿರಲಿ ಅಂತ ಸೂಪರ್ ಮಾರ್ಕೆಟ್ಟಿನ ಟ್ರಾಲಿಗಿರುವ ಹಾಗೆ ನಾಣ್ಯದ ಬೀಗ. ಅಮ್ಮ ಅವನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಅವಳ ಕಣ್ಣಿಗೆ ಅವು ಬಚ್ಚಲಿನ ಚೊಂಬುಗಳು. ಈ ದೇಶದ ಶೌಚಾಲಯಕ್ಕೆ ಅವಳ ತಕರಾರು ಒಂದೇ, ಒಳಗೆ ನೀರಿಲ್ಲ, ಬರೀ ಪೇಪರ್. ಅದಕ್ಕೇ ಬ್ಯಾಗಿನಲ್ಲಿ ಯಾವಾಗಲೂ ಅರ್ಧ ಲೀಟರಿನ ಬಾಟಲಿ ಇಟ್ಟುಕೊಂಡಿರುತ್ತಾಳೆ. ಅದನ್ನು ಸ್ಮಶಾನದ ನಲ್ಲಿಯಲ್ಲಿ ತುಂಬಿಸಿಕೊಂಡು ಪ್ರಾರ್ಥನಾ ಮಂದಿರದ ಹಿಂದಕ್ಕೆ ಹೋದಳು. ಅರ್ಧ ನಿಮಿಷದಲ್ಲಿ ವಾಪಸ್.

“ಅದು ಗಂಡಸರದ್ದು ಕಣೋ. ಇನ್ನೊಂದು ಕಡೆ ಹೋದೆ, ಒಳಗಿಂದ ಯಾರೋ ಮುದುಕ ಬಂದ.”

ಹೋಗಿ ನೋಡಿದೆ. ಒಂದು ಬಾಗಿಲ ಮೇಲೆ ‘ಡಾಮೆನ್’, ಇನ್ನೊಂದರ ಮೇಲೆ ‘ಹೆರೆನ್’. ಚಿತ್ರ ಇಲ್ಲ. ಅಮ್ಮ ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವಳು. ಮೊದಲನೆಯದರ ಕೊನೆಯಲ್ಲಿ ‘ಮೆನ್’ ಇತ್ತು, ಎರಡನೆಯದರ ಶುರುವಿನಲ್ಲಿ ‘ಹರ್’ ಇತ್ತು. ಲೆಕ್ಕ ಸರಿಯಾಗೇ ಇದೆ, ಆದರೆ ಡಾಮೆನ್ ಅಂದರೆ ಹೆಂಗಸರು. ಒಂದು ಗೊಂಬೆ ಚಿತ್ರ ಅಂಟಿಸಲು ಎಷ್ಟು ಖರ್ಚಾಗುತ್ತೆ?

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಮುಖವನ್ನೂ ತೊಳೆದಿದ್ದಳು. “ಎಷ್ಟು ಚೊಕ್ಕಟವಾಗಿದೆಯೋ! ಕನ್ನಡಿ ಮುಂದೆ ಹೂವು ಬೇರೆ ಇಟ್ಟಿದ್ದಾರೆ.”

ಇಷ್ಟು ಓದಿ ‘ನೋಡಿ, ಫಾರಿನ್ನಲ್ಲೂ ಹೀಗೇ’ ಅಂತ ಯಾರಾದರೂ ಸಮಾಧಾನ ಪಟ್ಟುಕೊಂಡರೆ ನನಗೆ ಬೇಜಾರಾಗುತ್ತದೆ. ಹೀಗೇ ಅಲ್ಲ. ಇಲ್ಲಿ ಹುಡುಕುವುದು ಕಷ್ಟ, ಸಿಕ್ಕ ಮೇಲೆ ಕಷ್ಟ ಇಲ್ಲ. ನಮ್ಮಲ್ಲಿ ಹುಡುಕುವುದು ಬೇಕಾಗಿಲ್ಲ, ವಾಸನೆಯೇ ದಾರಿ ತೋರಿಸುತ್ತದೆ. ಕಷ್ಟ ಇರುವುದು ಬಾಗಿಲು ದಾಟಿದ ಮೇಲೆ. ಇನ್ನು ಬೋರ್ಡುಗಳ ವಿಷಯ. ‘ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು’ ಅಂತ ಗೋಡೆ ತುಂಬಾ ಬರೆದು, ಅದೂ ಸಾಲದೆ ದೇವರ ಚಿತ್ರದ ಟೈಲ್ಸ್ ಅಂಟಿಸಿರುತ್ತೇವೆ. ಎಲ್ಲಿ ಮಾಡಬಹುದು ಅಂತ ಬಾಣದ ಗುರುತು ಹಾಕಿದ್ದು ಎಷ್ಟು ಕಡೆ ನೋಡಿದ್ದೀರಿ? ಬಸ್ ಸ್ಟ್ಯಾಂಡಿನಲ್ಲಿ ಮೂತ್ರಕ್ಕೆ ಉಚಿತ ಅಂತ ಬರೆದಿದ್ದರೂ ಹೆಂಗಸರ ಕಡೆ ದುಡ್ಡು ಕೇಳುತ್ತಾರೆ. ಒಳಗೆ ಹೋಗುವುದು ಒಂದಕ್ಕೋ ಎರಡಕ್ಕೋ ಅಂತ ಮೇಜಿನವನ ಎದುರು ನಿಂತು ವಾದ ಮಾಡುವ ಹೆಂಗಸು ಯಾರು? ಐದೋ ಹತ್ತೋ ಕೊಟ್ಟು ಹೋಗುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ ಉಚಿತವಾಗಿ ಇರಲೇಬೇಕು ಅಂತ ನಿಯಮವೇ ಇದೆ. ಇದ್ದರೂ ಬೀಗದ ಕೈ ಇರುವ ಹುಡುಗ ಊಟಕ್ಕೆ ಹೋಗಿರುತ್ತಾನೆ.

ಆದರೂ ನಮ್ಮಲ್ಲಿ ಒಂದಿತ್ತು, ಇಲ್ಲಿ ಅದು ಇಲ್ಲ. ಹಿಂದೆ ಒಮ್ಮೆ ಕಾರು ನಿಲ್ಲಿಸಿ, ದಾರಿಯ ಪಕ್ಕದ ಯಾವುದೋ ಮನೆಯ ಮುಂದೆ ಅಮ್ಮ “ಅಮ್ಮಾ, ಸ್ವಲ್ಪ ಬಚ್ಚಲಿಗೆ ಹೋಗಬಹುದಾ?” ಅಂದಿದ್ದಳು. ಆ ಮನೆಯಾಕೆ ಹಿತ್ತಲು ತೋರಿಸಿದ್ದಲ್ಲದೆ ಕುಂಕುಮ ಕೊಟ್ಟು ಕಳಿಸಿದ್ದರು. ಜರ್ಮನಿಯಲ್ಲಿ ಗೊತ್ತಿಲ್ಲದ ಮನೆಯ ಬೆಲ್ ಒತ್ತಿ ಇದನ್ನು ಕೇಳುವ ಧೈರ್ಯ ನನಗಿಲ್ಲ. ಅದನ್ನು ಹೇಳಿ ಸಂಸ್ಕೃತಿ ಅಂತ ಎದೆ ಉಬ್ಬಿಸಿಕೊಳ್ಳಲೂ ಮನಸ್ಸಿಲ್ಲ. ಆ ಮನೆಯಾಕೆ ಮಾಡಿದ್ದು ಊರಿನ ಪಂಚಾಯ್ತಿ ಮಾಡಬೇಕಾಗಿದ್ದ ಕೆಲಸ.

ಇಲ್ಲಿಂದ ನಾವು ಏನಾದರೂ ಕಲಿಯುವುದಿದ್ದರೆ ಸ್ಟೀಲ್ ಡಬ್ಬಿಯನ್ನಲ್ಲ. ಹೆದ್ದಾರಿ ಶೌಚಾಲಯಗಳ ಗೇಟುಗಳನ್ನೂ ಅಲ್ಲ. ಅಲ್ಲಿ ಒಂದು ಯೂರೋ ಹಾಕಿ ಒಳಗೆ ಹೋದರೆ ಅಷ್ಟೇ ಮೊತ್ತದ ಕೂಪನ್ ಕೊಡುತ್ತಾರೆ, ಅದನ್ನು ಹೆದ್ದಾರಿಯ ಅಂಥ ಅಂಗಡಿಗಳಲ್ಲೇ ಖರ್ಚು ಮಾಡಬೇಕು. ಒಂದಕ್ಕೆ ಹೋಗಲು ನೂರು ರೂಪಾಯಿ ಹತ್ತಿರ ಆಯ್ತಲ್ಲೋ ಅಂತ ಅಮ್ಮ ಕೊನೇವರೆಗೂ ಲೆಕ್ಕ ಹಾಕುತ್ತಿದ್ದಳು.

ನನಗೆ ಹಿಡಿಸಿದ್ದು ‘ನೆಟ್ಟ ಟಾಯ್ಲೆಟ್ಟ’ ಅನ್ನುವ ಪದ್ಧತಿ. ‘ನೆಟ್ಟ’ ಅಂದರೆ ಒಳ್ಳೆಯ, ಸ್ನೇಹದ ಅಂತ ಅರ್ಥ. 2000ದಲ್ಲಿ ದಕ್ಷಿಣ ಜರ್ಮನಿಯ ಆಲೆನ್ ಅನ್ನುವ ಊರಿನಲ್ಲಿ ಶುರುವಾಯಿತು, ಈಗ ನೂರಾರು ಊರುಗಳಲ್ಲಿದೆ. ಕೆಲಸ ತುಂಬಾ ಸರಳ. ಊರಿನಲ್ಲಿ ಈಗಾಗಲೇ ಇರುವ ಹೋಟೆಲ್, ಕೆಫೆಗಳ ಜೊತೆ ನಗರಸಭೆ ಒಪ್ಪಂದ ಮಾಡಿಕೊಳ್ಳುತ್ತದೆ. ಕ್ಲೀನಿಂಗ್ ಖರ್ಚಿಗೆ ಇಷ್ಟು ಅಂತ ದುಡ್ಡು ಕೊಡುತ್ತದೆ. ಅವರು ಬಾಗಿಲಿಗೆ ಸ್ಟಿಕರ್ ಅಂಟಿಸುತ್ತಾರೆ. ಆ ಸ್ಟಿಕರ್ ಕಂಡರೆ ಯಾರು ಬೇಕಾದರೂ ಒಳಗೆ ಹೋಗಬಹುದು, ಕಾಫಿ ಕೊಳ್ಳಬೇಕಾಗಿಲ್ಲ, ಗಲ್ಲಾದವರ ಮುಖ ನೋಡಿ ಹಲ್ಲು ಕಿರಿಯಬೇಕಾಗಿಲ್ಲ. ಹೊಸ ಕಟ್ಟಡ ಬೇಡ, ಟೆಂಡರ್ ಬೇಡ, ಉದ್ಘಾಟನೆಯ ಕಲ್ಲು ಬೇಡ. ಬಹುಶಃ ಕಲ್ಲು ಬೇಡ ಅನ್ನುವುದೇ ನಮ್ಮಲ್ಲಿ ಅಡ್ಡಿಯಾಗಬಹುದು! ದಕ್ಷಿಣ ದೆಹಲಿಯ ಪಾಲಿಕೆ 2017ರಲ್ಲಿ ಹತ್ತಿರತ್ತಿರ ಇಂಥದ್ದೇ ಒಂದನ್ನು ತಂದಿತ್ತು, ಯಾರು ಬೇಕಾದರೂ ರೆಸ್ಟೋರೆಂಟಿನ ಶೌಚಾಲಯ ಬಳಸಬಹುದು, ಐದು ರೂಪಾಯಿವರೆಗೆ ತೆಗೆದುಕೊಳ್ಳಬಹುದು ಅಂತ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಹೋಟೆಲ್‌ಗಳಿಗೇನು ಕಮ್ಮಿ? ಹತ್ತರಲ್ಲಿ ಮೂವರು ಒಪ್ಪಿದರೂ ಸಂತೆಗೆ ಬಂದ ಹೆಂಗಸರು ನೀರು ಕುಡಿದಾರು.

ನಾವು ಹೋದ ಆ ಪುಟ್ಟ ಊರಿನಲ್ಲಿ ಮಾತ್ರ ಆ ಸ್ಟಿಕರ್ ನನಗೆ ಎಲ್ಲೂ ಕಾಣಲಿಲ್ಲ. ಅಲ್ಲಿ ರಾತ್ರಿ ತಂಗುವವರಿಂದ ‘ಕೂರ್‌ಟಾಕ್ಸ’ ಅಂತ ತೆರಿಗೆ ತೆಗೆದುಕೊಳ್ಳುತ್ತಾರೆ. ಪಾರ್ಕಿನ ಹೂವು, ಸಂಜೆಯ ಬ್ಯಾಂಡು, ಬೆಂಚು ಎಲ್ಲ ಅದರಲ್ಲೇ ನಡೆಯುವುದು. ಬೆಂಚು ಎರಡು ಕಮ್ಮಿ ಮಾಡಿ ಮಧ್ಯಾಹ್ನ ಶೌಚಾಲಯ ನೋಡಿಕೊಳ್ಳಲು ಒಬ್ಬರನ್ನು ಕೂರಿಸಿದ್ದರೆ ಆಗುತ್ತಿತ್ತು.

ಸ್ಮಶಾನದಿಂದ ಹೊರಗೆ ಬಂದ ಮೇಲೆ ಅಮ್ಮನಿಗೆ ಶಾಸ್ತ್ರ ನೆನಪಾಯಿತು. ಸ್ನಾನ ಮಾಡದೆ ಏನೂ ಬಾಯಿಗೆ ಹಾಕುವುದಿಲ್ಲ ಅಂದಳು. ಸ್ನಾನದ ಊರಿಗೇ ಬಂದಿದ್ದೇವಲ್ಲ ಅಂದರೆ, ಆ ಸ್ನಾನಕ್ಕೆ ಈಜುಡುಗೆ ಬೇಕು. ಕೊನೆಗೆ ಪಾರ್ಕಿನಲ್ಲಿ ಕ್ನೈಪ್ ತೊಟ್ಟಿ ಸಿಕ್ಕಿತು. ಸೆಬಾಸ್ಟಿಯನ್ ಕ್ನೈಪ್ ಅಂತ 19ನೇ ಶತಮಾನದ ಪಾದ್ರಿಯೊಬ್ಬರ ಹೆಸರಿನ ಚಿಕಿತ್ಸೆ ಅದು, ಮಂಡಿವರೆಗಿನ ತಣ್ಣೀರಿನಲ್ಲಿ ಕೊಕ್ಕರೆಯ ಹಾಗೆ ಕಾಲೆತ್ತಿ ಎತ್ತಿ ನಡೆಯಬೇಕು. ಅಮ್ಮ ಸೀರೆ ಎತ್ತಿ ಕಟ್ಟಿ ಎರಡು ಸುತ್ತು ನಡೆದಳು. ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡಳು. “ಕಾಲು ತೊಳೆದ ಹಾಗೂ ಆಯ್ತು, ಸಾಕು.”

ಮೂರು ಗಂಟೆಗೆ ಮಂಟಪದ ಬಾಗಿಲು ತೆರೆಯಿತು. ಅಮ್ಮ ಸೀದಾ ಪಕ್ಕದ ಶೌಚಾಲಯದ ಹತ್ತಿರ ಹೋದಳು. ಒಳಗೆ ಹೋಗಲಿಲ್ಲ, ಹಿಡಿ ತಿರುಗಿಸಿ ಬೀಗ ಇಲ್ಲ ಅಂತ ನೋಡಿ, ‘ಡಾಮೆನ್’ ಅಂತ ಒಂದು ಸಲ ಜೋರಾಗಿ ಓದಿ ವಾಪಸ್ ಬಂದಳು. ಆಮೇಲೆ ಮೂರನೇ ಲೋಟಕ್ಕೆ ಕೈ ಚಾಚಿದಳು.