ಪಿಟೀಲು ಮೊದಲೇ ಅತ್ತುಬಿಟ್ಟಿತು

ಹೋದ ವರ್ಷ ಕಣ್ಣಿನ ಆಪರೇಷನ್ ಆದಮೇಲೆ ಕೆಲವು ವಾರ ಓದುವ ಹಾಗಿರಲಿಲ್ಲ. ಮೊಬೈಲ್ ನೋಡುವ ಹಾಗೂ ಇರಲಿಲ್ಲ. ಆಡಿಯೋಬುಕ್ ಹಚ್ಚಿಕೊಂಡಿದ್ದು ಆಗಲೇ. ಕಣ್ಣು ಮುಚ್ಚಿ ಮಲಗಿ ದಿನಕ್ಕೆ ನಾಲ್ಕೈದು ಗಂಟೆ ಕೇಳುತ್ತಿದ್ದೆ. ಆ ದಿನಗಳ ಒಂದು ಸಂಕಟ ಇನ್ನೂ ಮನಸ್ಸಲ್ಲೇ ಇದೆ. ಇವತ್ತು ಬರೆದುಬಿಡುತ್ತೇನೆ.

ಒಂದು ಕಾದಂಬರಿ ಕೇಳುತ್ತಿದ್ದೆ. ಮಗಳಿಗೆ ಒಂದು ಕಾಗದ ಬರುತ್ತದೆ. ಅವಳು ಅದನ್ನು ಒಡೆಯುವುದಿಲ್ಲ. ಮೇಜಿನ ಮೇಲಿಟ್ಟು ಒಣಗಿದ ಬಟ್ಟೆ ಮಡಚಲು ಕೂರುತ್ತಾಳೆ. ಮೊದಲು ಟವೆಲ್, ಆಮೇಲೆ ಮಗುವಿನ ಅಂಗಿ, ಆಮೇಲೆ ಒಂದು ಹಳೇ ಸೀರೆ. ಬರೆದವರು ಅಲ್ಲಿ ಬೇಕಂತಲೇ ನಿಧಾನ ಮಾಡಿದ್ದಾರೆ. ಕಾಗದದಲ್ಲಿ ಏನಿದೆಯೋ ಅಂತ ಅವಳ ಜೊತೆ ನಾವೂ ಉಸಿರು ಬಿಗಿಹಿಡಿದು ಕೂರಬೇಕು. ಆದರೆ ಅಂಗಿ ಮಡಚುವ ಹೊತ್ತಿಗೇ ಹಿಂದಿನಿಂದ ಪಿಟೀಲು ಶುರುವಾಯಿತು. ಒಂದೇ ಸ್ವರವನ್ನು ಎಳೆದೂ ಎಳೆದೂ, ಅಳುವ ಹಾಗೆ. ಮುಗಿಯಿತಲ್ಲ! ಅಮ್ಮ ಹೋಗಿಬಿಟ್ಟಿದ್ದಾಳೆ ಅಂತ ನನಗೆ ತಿಳಿದುಹೋಯಿತು. ಮಗಳಿಗೆ ಇನ್ನೂ ತಿಳಿದಿಲ್ಲ. ಅವಳು ಪಾಪ, ಸೀರೆ ಮಡಚುತ್ತಿದ್ದಾಳೆ.

ಓದಿದವರ ದನಿ ಚೆನ್ನಾಗಿಯೇ ಇತ್ತು. ಅದಕ್ಕೇ ಹೊಟ್ಟೆ ಉರಿದಿದ್ದು. ಅಷ್ಟು ಹುಷಾರಾಗಿ, ಏನನ್ನೂ ಬಿಟ್ಟುಕೊಡದೆ ಓದುತ್ತಿದ್ದ ಆ ಹೆಣ್ಣುಮಗಳ ಶ್ರಮವನ್ನೆಲ್ಲ ಸಂಗೀತ ಒಂದೇ ಏಟಿಗೆ ಹಾಳುಮಾಡಿತು.

ಪುಸ್ತಕ ಓದುವಾಗ ಯಾವ ಮಾತು ಯಾವ ದನಿಯಲ್ಲಿ ಬಂತು ಅನ್ನೋದನ್ನು ನಾವೇ ತೀರ್ಮಾನ ಮಾಡುತ್ತೇವೆ. "ನೀನೂ ಬರ್ತೀಯಾ?" ಅನ್ನುವ ಎರಡು ಪದ ತಗೊಳ್ಳಿ. ಖುಷಿಯಿಂದ ಕೇಳಬಹುದು. ನೀನ್ಯಾಕೆ ಬರ್ತೀಯ ಅನ್ನುವ ಕಿರಿಕಿರಿಯಿಂದ ಕೇಳಬಹುದು. ದಯವಿಟ್ಟು ಬಾ ಅಂತ ಬೇಡುವ ಹಾಗೂ ಕೇಳಬಹುದು. ಅಚ್ಚಾದ ಪುಟದಲ್ಲಿ ಈ ಮೂರೂ ಇರುತ್ತವೆ. ಆಡಿಯೋದಲ್ಲಿ ಓದುವವರು ಒಂದನ್ನು ಆರಿಸಲೇಬೇಕು, ಬೇರೆ ದಾರಿ ಇಲ್ಲ. ಅಂದರೆ ನಮ್ಮ ಪಾಲಿನ ಕೆಲಸದಲ್ಲಿ ಸ್ವಲ್ಪವನ್ನು ಅವರು ಆಗಲೇ ಮಾಡಿಬಿಟ್ಟಿರುತ್ತಾರೆ. ಅದರ ಮೇಲೆ ಸಂಗೀತವೂ ಬಂದು ಇಲ್ಲಿ ಅಳಿ, ಇಲ್ಲಿ ಹೆದರಿ ಅಂತ ಹೇಳಿದರೆ ಕೇಳುವವರಿಗೆ ಇನ್ನೇನು ಉಳಿಯಿತು?

ಇದು ಬರೀ ಭಾವನೆಯ ಮಾತೂ ಅಲ್ಲ, ಕಿವಿಯ ಮಾತು. ನಮ್ಮ ಮಾತಿನಲ್ಲಿ ಜೋರಾಗಿ ಕೇಳಿಸುವುದು ಸ್ವರಗಳು, ಆ, ಈ, ಓ. ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವುದು ಮಾತ್ರ ಹೆಚ್ಚಾಗಿ ವ್ಯಂಜನಗಳು. ಸ, ಶ, ತ, ಕ ಇವೆಲ್ಲ ಮೆಲ್ಲಗಿನ ಸದ್ದುಗಳು. ಅವುಗಳ ಗುರುತು ಸುಮಾರು 2000 ಹರ್ಟ್ಜ್‌ನಿಂದ ಮೇಲಕ್ಕೆ, ಅಂದರೆ ಏರು ಶ್ರುತಿಯ ಜಾಗದಲ್ಲಿ ಇರುತ್ತದೆ. ಪಿಟೀಲು, ಕೊಳಲು, ತಾಳದ ಕಿಣಿಕಿಣಿ ಇವೂ ಅದೇ ಜಾಗಕ್ಕೆ ಬಂದು ಕೂರುತ್ತವೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಆ ಮೇಲಿನ ಸದ್ದುಗಳನ್ನೇ. ಹಾಗಾಗಿ ಇಪ್ಪತ್ತೈದರ ಹುಡುಗ ಸ್ಟುಡಿಯೋದಲ್ಲಿ ಒಳ್ಳೇ ಹೆಡ್‌ಫೋನ್ ಹಾಕಿಕೊಂಡು 'ಚೆನ್ನಾಗಿದೆ' ಅಂದ, ಮಾತು ಸಂಗೀತ ಬೆರೆಸಿದ ಮಿಕ್ಸಿಂಗ್, ಎಪ್ಪತ್ತರ ಹಿರಿಯರಿಗೆ ಗೊಜಗೊಜ ಅಂತ ಕೇಳಿಸಬಹುದು.

ವೆಬ್ ಎಲ್ಲರಿಗೂ ದಕ್ಕಬೇಕು ಅಂತ, ವೆಬ್‌ನ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಡಬ್ಲ್ಯೂ ತ್ರೀ ಸಿ 2008ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇದಕ್ಕೆ ಒಂದು ಲೆಕ್ಕವೇ ಇದೆ. ಮಾತಿನ ಹಿಂದೆ ಸದ್ದು ಇರಲೇಬೇಕು ಅಂದರೆ ಅದು ಮಾತಿಗಿಂತ ಕನಿಷ್ಠ 20 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾನ) ಕೆಳಗಿರಬೇಕು. ಕಿವಿಗೆ ಸುಮಾರು ನಾಲ್ಕರಲ್ಲಿ ಒಂದು ಪಾಲು ಅನ್ನಿಸಬೇಕು. ಒಂದೆರಡು ಸೆಕೆಂಡ್ ಮಾತ್ರ ಬಂದುಹೋಗುವ ಸದ್ದಿಗೆ ವಿನಾಯಿತಿ. ಇದು ಅದರ ಅತಿ ಮೇಲಿನ ಹಂತದ ನಿಯಮ, ಎಲ್ಲರೂ ಪಾಲಿಸುತ್ತಾರೆ ಅಂತಲ್ಲ. ಆದರೂ ಆಡಿಯೋಬುಕ್ ಮಾಡುವ ಪ್ರತಿಯೊಬ್ಬರೂ ಈ 20 ಅನ್ನುವ ಅಂಕಿಯನ್ನು ಮೇಜಿನ ಮುಂದೆ ಅಂಟಿಸಿಕೊಳ್ಳಲಿ ಅಂತ ನನ್ನ ಆಸೆ.

ಸಂಗೀತವೇ ಬೇಡ ಅಂತ ಅಲ್ಲ. ಅಧ್ಯಾಯ ಶುರುವಾಗುವ ಮೊದಲು ಎಂಟು ಹತ್ತು ಸೆಕೆಂಡ್ ಒಂದು ತಂಬೂರಿ ನಾದ ಬಂದು ತಾನಾಗಿ ಸರಿದುಹೋದರೆ ಎಷ್ಟು ಹಿತ! ಒಂದು ಭಾಗ ಮುಗಿದು ಇಪ್ಪತ್ತು ವರ್ಷ ದಾಟಿ ಇನ್ನೊಂದು ಶುರುವಾಗುವಾಗ, ಪುಸ್ತಕದಲ್ಲಾದರೆ ಖಾಲಿ ಪುಟ ಇರುತ್ತದೆ. ಆಡಿಯೋದಲ್ಲಿ ಆ ಖಾಲಿ ಪುಟವೇ ಸಂಗೀತ. ಮಾತಿನ ನಡುವೆ ಬರಲಿ, ಮಾತಿನ ಅಡಿಯಲ್ಲಿ ಹರಿಯುವುದು ಬೇಡ. ಹತ್ತಾರು ಜನ ಪಾತ್ರ ಮಾಡುವ ಆಡಿಯೋ ನಾಟಕದ ಮಾತು ಬೇರೆ. ಅಲ್ಲಿ ಮಳೆ, ಬಾಗಿಲು, ರೈಲು ಎಲ್ಲವೂ ಕಥೆಯ ಭಾಗ.

ಇನ್ನು ಓದುವವರ ವಿಷಯ. ರಂಗದ ಮೇಲೆ ಕೊನೇ ಸಾಲಿನವರಿಗೂ ತಲುಪಬೇಕು, ಅಲ್ವಾ? ಇಲ್ಲಿ ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿದೆ, ಕೇಳುವವರ ಕಿವಿ ಅದಕ್ಕಿಂತ ಹತ್ತಿರದಲ್ಲಿದೆ. ಅಷ್ಟು ಹತ್ತಿರದಲ್ಲಿ ಕಿರುಚಿದರೆ ಅಭಿನಯ ಆಗುವುದಿಲ್ಲ, ಹಿಂಸೆ ಆಗುತ್ತದೆ. ಗಂಡಸರು ಹೆಂಗಸಿನ ಮಾತು ಬಂದ ಕೂಡಲೇ ದನಿ ಸಣ್ಣ ಮಾಡಿ ಕೀರಲು ಕೀರಲಾಗಿ ಓದುವುದನ್ನಂತೂ ನನಗೆ ತಡೆಯಲಾಗುವುದಿಲ್ಲ. ಮಾತಿನ ವೇಗ ಸ್ವಲ್ಪ ಬದಲಾದರೆ ಸಾಕು, ಯಾರು ಮಾತಾಡುತ್ತಿದ್ದಾರೆ ಅಂತ ನಮಗೆ ಗೊತ್ತಾಗುತ್ತದೆ. 'ಕಲೆ', 'ಕಳೆ' ಎರಡೂ ಒಂದೇ ಥರ ಕೇಳಿಸಿದರಂತೂ ಅರ್ಥವೇ ಕೆಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಮೌನದ್ದು. ಎರಡು ವಾಕ್ಯಗಳ ನಡುವಿನ ಮೌನ ನಿಜವಾಗಿ ಖಾಲಿ ಇರುವುದಿಲ್ಲ. ಪ್ರತಿ ಕೋಣೆಗೂ ತನ್ನದೇ ಒಂದು ಸಣ್ಣ ಸದ್ದಿದೆ. ರೆಕಾರ್ಡಿಂಗ್ ಮಾಡುವವರು ಅದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಯಾರೂ ಮಾತಾಡದೆ, ಅಲ್ಲಾಡದೆ, ಬರೀ ಕೋಣೆಯನ್ನೇ ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ಕೆಮ್ಮು, ತಪ್ಪು ಓದು ಕತ್ತರಿಸಿದ ಜಾಗಕ್ಕೆ ಅದನ್ನೇ ತುಂಬುತ್ತಾರೆ. ತುಂಬದೆ ಪೂರ್ತಿ ಸೊನ್ನೆ ಮಾಡಿದರೆ ಕಿವಿಗೆ ಥಟ್ಟನೆ ಗೊತ್ತಾಗುತ್ತದೆ, ಫೋನ್ ಕಟ್ ಆದ ಹಾಗೆ. ಕಣ್ಣು ಮುಚ್ಚಿ ಮಲಗಿದ್ದಾಗ ಎರಡು ಮೂರು ಸಲ ನನಗೆ ಹಾಗೇ ಆಯಿತು. ಯಾರೋ ಜೊತೆಯಲ್ಲಿ ಕೂತಿದ್ದವರು ಏಕಾಏಕಿ ಎದ್ದುಹೋದಂತೆ.

ಕಣ್ಣು ಸರಿಹೋದಮೇಲೆ ನಾನೇ ಒಂದು ಕಥೆ ಓದಿ ಒಬ್ಬ ಗೆಳೆಯನಿಗೆ ಕಳಿಸಿದೆ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಚೆನ್ನಾಗಿರಲಿ ಅಂತ ಹಿಂದೆ ವೀಣೆಯ ತುಣುಕು ಸೇರಿಸಿದ್ದೆ. ಅವನು ಮೆಲ್ಲಗೆ ಹೇಳಿದ, "ಅಕ್ಕಾ, ಆ ವೀಣೆ ತೆಗೆದು ಕಳಿಸ್ತೀರಾ? ನಾನು ಎರಡು ಪಟ್ಟು ಸ್ಪೀಡಲ್ಲಿ ಕೇಳೋದು. ಮಾತು ತಿಳಿಯುತ್ತೆ, ಸಂಗೀತ ಚೂರುಚೂರಾಗುತ್ತೆ." ಅಮೆರಿಕದಲ್ಲಿ 1930ರ ದಶಕದಲ್ಲಿ ಮಾತಾಡುವ ಪುಸ್ತಕಗಳು ಶುರುವಾಗಿದ್ದೇ ಕಣ್ಣು ಕಾಣದವರಿಗಾಗಿ. ಗ್ರಾಮಫೋನ್ ರೆಕಾರ್ಡಿನ ಒಂದು ಬದಿಗೆ ಸುಮಾರು 15 ನಿಮಿಷದ ಓದು ಹಿಡಿಯುತ್ತಿತ್ತು. ಮೊದಲು ಯಾರಿಗಾಗಿ ಹುಟ್ಟಿತೋ ಅವರನ್ನೇ ನಾನು ಯೋಚಿಸಿರಲಿಲ್ಲ. ಅವನು ಹೇಳಿದಾಗ ನಿಜಕ್ಕೂ ಬೇಜಾರಾಯಿತು.

ವೀಣೆ ತೆಗೆದೆ. ಆಮೇಲೆ ಕೇಳಿದರೆ ನನ್ನ ಓದೇ ಜಾಸ್ತಿಯಾಗಿದೆ ಅನ್ನಿಸಿತು. ಕಥೆಯ ಕೊನೆಗೆ ಅಣ್ಣ ಬಾಗಿಲ ತನಕ ಬಂದು, ಒಳಗೆ ಬಾರದೆ ನಿಲ್ಲುವ ಜಾಗದಲ್ಲಿ ದನಿ ನಡುಗಿಸಿದ್ದೆ. ಮತ್ತೆ ಕೂತು ಸುಮ್ನೆ ಓದಿದೆ. ಬಾಗಿಲ ಹತ್ತಿರ ನಿಂತ, ಅಷ್ಟೇ. ಒಂದು ಉಸಿರಿನಷ್ಟು ಬಿಟ್ಟು ಮುಂದಿನ ಸಾಲಿಗೆ ಹೋದೆ.

ಎರಡು ದಿನ ಬಿಟ್ಟು ಅವನ ಫೋನ್ ಬಂತು. "ಅಕ್ಕಾ, ಆ ಅಣ್ಣನಿಗೆ ಅಷ್ಟೊಂದು ಸಿಟ್ಟಿದ್ದರೆ ಅಲ್ಲಿ ತನಕ ಯಾಕೆ ಬಂದ?" ಅಂದ. ಸಿಟ್ಟಾ? ನಾನು ಅದನ್ನು ನಾಚಿಕೆ ಅಂದುಕೊಂಡಿದ್ದೆ. ಮೊದಲ ಸಲ ದನಿ ನಡುಗಿಸಿದ್ದೂ ಅದಕ್ಕೇ. ಅವನು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಮುಕ್ಕಾಲು ಗಂಟೆ ಇಬ್ಬರೂ ವಾದ ಮಾಡಿದೆವು.