ಬೇಯಿಸಿದ ತೊಗಲಿಗೊಂದು ಸರ್ಕಾರಿ ಕ್ಷಮಾಪಣೆ

ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎಂದ ನಮ್ಮ ಹಿರಿಯರು ಚೀನಾದ ಶಾನ್‌ಡಾಂಗ್ ಪ್ರಾಂತ್ಯವನ್ನು ಕಂಡಿರಲಿಲ್ಲ. ಅಲ್ಲಿನ ದೊಂಗ್‌ಎ ಎಂಬಲ್ಲಿ ಕತ್ತೆಯೇ ಕಸ್ತೂರಿ. ಅದರ ತೊಗಲನ್ನು ನೆನೆಸಿ, ಕೂದಲು ತೆಗೆದು, ಕುದಿಸಿ, ಬತ್ತಿಸಿ, ಕಪ್ಪು ಬಿಲ್ಲೆಗಳಾಗಿ ಕತ್ತರಿಸಿದರೆ ‘ಎಜಿಯಾವೊ’ ಸಿದ್ಧ. ಕಾಯಿಲೆಯಿಂದ ಎದ್ದವರಿಗೆ, ಬಾಣಂತಿಯರಿಗೆ, ಮುಖ ಬಿಳಿಚಿಕೊಂಡವರಿಗೆ ಅದು ರಕ್ತ ತುಂಬುವ ಮದ್ದಂತೆ.

ಬರೀ ತೊಗಲನ್ನು ಯಾರು ತಿಂದಾರು? ಕರಿ ಎಳ್ಳು, ಅಕ್ರೋಟು, ಒಣಗಿದ ಬೋರೆಹಣ್ಣು, ಕಲ್ಲುಸಕ್ಕರೆ, ಅಕ್ಕಿಯ ಮದ್ಯ ಬೆರೆಸಿ ಬರ್ಫಿಯಂತೆ ಮಾಡುತ್ತಾರೆ. ತಿಂದವರ ಕೆನ್ನೆ ಕೆಂಪಾದರೆ ಕೀರ್ತಿ ಎಳ್ಳಿಗಲ್ಲ, ಅಕ್ರೋಟಿಗಲ್ಲ, ಕತ್ತೆಗೆ. (ಮದ್ಯದಿಂದಲೂ ಕೆನ್ನೆ ಕೆಂಪಾಗುತ್ತದೆ ಎಂಬ ಮಾತನ್ನು ಸಭ್ಯರು ಎತ್ತುವುದಿಲ್ಲ.)

2018ರ ಫೆಬ್ರವರಿಯಲ್ಲಿ, ಚೀನೀ ಹೊಸವರ್ಷದ ಉಡುಗೊರೆಗಳ ಭರಾಟೆಯ ನಡುವೆ, ಅಲ್ಲಿನ ಆರೋಗ್ಯ ಇಲಾಖೆಯ 12320 ಸಹಾಯವಾಣಿ ವೀಬೊ ಎಂಬ ಚೀನೀ ಜಾಲತಾಣದಲ್ಲಿ ಒಂದು ಅಚಾತುರ್ಯ ಮಾಡಿತು. ಎಜಿಯಾವೊ ಎಂದರೆ ನೀರಿನಲ್ಲಿ ಬೇಯಿಸಿದ ಕತ್ತೆ ತೊಗಲು, ಅದರಲ್ಲಿರುವುದು ಮುಖ್ಯವಾಗಿ ಕೊಲಾಜೆನ್ ಎಂಬ ಚರ್ಮದ ಪ್ರೋಟೀನು, ದುಡ್ಡು ಕೊಟ್ಟು ಕೊಳ್ಳುವಂಥದ್ದಲ್ಲ ಎಂದು ಬರೆದುಬಿಟ್ಟಿತು. ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ಬರಹ ಮಾಯವಾಗಿ ಕ್ಷಮಾಪಣೆ ಪ್ರತ್ಯಕ್ಷವಾಯಿತು. ತಪ್ಪಾದದ್ದು ಯಾವುದು? ಕತ್ತೆಯೇ? ತೊಗಲೇ? ನೀರೇ? ಕ್ಷಮೆ ಕೇಳಿದ್ದು ಯಾರನ್ನು ಎಂಬುದೂ ಯೋಚಿಸಬೇಕಾದ ವಿಷಯ. ಕತ್ತೆಯನ್ನಂತೂ ಅಲ್ಲ.

ಅಷ್ಟರಲ್ಲಿ, 1992ರಲ್ಲಿ ಸುಮಾರು 1.1 ಕೋಟಿಯಿದ್ದ ಚೀನಾದ ಕತ್ತೆಗಳು 30 ಲಕ್ಷಕ್ಕೂ ಕೆಳಗಿಳಿದಿದ್ದವು. ರಕ್ತ ತುಂಬುವ ಭರದಲ್ಲಿ ಕೊಟ್ಟಿಗೆಯೇ ಖಾಲಿ! ವ್ಯಾಪಾರಿಗಳು ಆಫ್ರಿಕಾದತ್ತ ಹೊರಳಿದರು. ಕೆನ್ಯಾದಂಥ ಕಡೆ ರಾತ್ರೋರಾತ್ರಿ ಕತ್ತೆಗಳು ಕಳುವಾದವು. ಕತ್ತೆ ಹೊರುತ್ತಿದ್ದ ನೀರಿನ ಕ್ಯಾನು ಮನೆಯ ಹೆಂಗಸರ ಬೆನ್ನಿಗೇರಿತು. ಶಾಂಘೈನವರ ನಿಶ್ಶಕ್ತಿ ಹೀಗೆ ಹಡಗು ಹತ್ತಿ ಹೊರದೇಶಕ್ಕೆ ರಫ್ತಾಯಿತು. ಕಡೆಗೆ 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟ, ತೊಗಲಿಗಾಗಿ ಕತ್ತೆ ಕಡಿಯಕೂಡದು ಎಂದು ನಿಷೇಧ ಹೇರಿತು. ದೇಶದೇಶಗಳ ಮುಖ್ಯಸ್ಥರು ಆಡಿಸ್ ಅಬಾಬಾದಲ್ಲಿ ಕೂತು ಕತ್ತೆಯ ಬಗ್ಗೆ ಗಂಭೀರವಾಗಿ ತೀರ್ಮಾನಿಸಿದ್ದನ್ನು ನಾನಂತೂ ಪ್ರಗತಿಯೆಂದೇ ಎಣಿಸುತ್ತೇನೆ.

ನಾವೇನೂ ಕಡಿಮೆಯಿಲ್ಲ. ಬೀದಿಯಲ್ಲಿ ‘ಕತ್ತೆ ಹಾಲು’ ಎಂಬ ಕೂಗು ಕೇಳಿದರೆ ಕೂಸಿನ ಶೀತಕ್ಕೆಂದು ಒಳಲೆ ಹಿಡಿದು ಓಡುವ ಜನ. ಆದರೂ ನಮ್ಮ ಕತ್ತೆ ಹಾಲು ಕೊಟ್ಟು, ಚರ್ಮ ಉಳಿಸಿಕೊಂಡು ಮನೆಗೆ ಹೋಗುತ್ತದೆ.

ಈಗ ಪ್ರಾಣಿಪ್ರಿಯರು ಕತ್ತೆಯಿಲ್ಲದೆ ಪ್ರಯೋಗಾಲಯದಲ್ಲೇ ಕತ್ತೆಯ ಕೊಲಾಜೆನ್ ಬೆಳೆಸಿರಿ ಎನ್ನುತ್ತಿದ್ದಾರೆ. ಎಳ್ಳು, ಅಕ್ರೋಟುಗಳನ್ನಷ್ಟೇ ತಿಂದರೆ ಸಾಲದೇ ಎಂದು ಕೇಳುವ ಹುಂಬರು ಯಾರಾದರೂ ಇದ್ದರೆ, ಕ್ಷಮಾಪಣೆಯ ಕರಡನ್ನು ಮೊದಲು ಸಿದ್ಧಪಡಿಸಿಕೊಂಡು ಆಮೇಲೆ ಬಾಯಿ ತೆರೆಯತಕ್ಕದ್ದು.