ದ್ರಾಕ್ಷಿಯಿಲ್ಲದ ಚಪ್ಪರ

ವಾರದಿಂದ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಸುತ್ತುತ್ತಿದೆ: ಕ್ಯಾಸಿಯೋಪಿಯಾ ಎ, ಸಿಡಿದುಹೋದ ನಕ್ಷತ್ರದ ಅವಶೇಷ. ಕ್ಷ-ಕಿರಣದಲ್ಲಿ ಆಕಾಶ ನೋಡುವ ದೂರದರ್ಶಕ ಹೊತ್ತ ಚಂದ್ರಾ ಉಪಗ್ರಹ ತೆಗೆದದ್ದು. ಚಿಕ್ಕಬಳ್ಳಾಪುರದ ಗೆಳೆಯರೊಬ್ಬರು ಫೋನ್ ಮಾಡಿ, "ಆಕಾಶದಲ್ಲಿ ಇಷ್ಟೊಂದು ಬಣ್ಣವಿದೆಯೇ ಸಾರ್?" ಎಂದು ಕೇಳಿದರು. ಇಲ್ಲ. ಸಿಲಿಕಾನ್, ಗಂಧಕ, ಕಬ್ಬಿಣ ಎಲ್ಲೆಲ್ಲಿವೆ ಎಂದು ತೋರಿಸಲು ಬಳಿದ ಬಣ್ಣ ಅದು. ಅದಕ್ಕೆ ನನ್ನ ತಕರಾರಿಲ್ಲ. ಅದನ್ನು ಹಂಚುವಾಗ ನಮ್ಮದೇ ಜಿಲ್ಲೆಯ ಗೌರಿಬಿದನೂರಿನ ರೇಡಿಯೋ ದೂರದರ್ಶಕ ಯಾರಿಗೂ ನೆನಪಾಗುವುದಿಲ್ಲವಲ್ಲ, ಅದಕ್ಕೆ ಬೇಸರ.

ಕ್ಷ-ಕಿರಣವನ್ನು ವಾತಾವರಣ ತಡೆಯುತ್ತದೆ. ಹಾಗಾಗಿ ಉಪಗ್ರಹವೇ ಬೇಕು. ರೇಡಿಯೋ ತರಂಗ ನೆಲದವರೆಗೂ ಬರುತ್ತದೆ. ಅದನ್ನು ಹಿಡಿಯಲು 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಯವರು ಗೌರಿಬಿದನೂರಿನ ಬಯಲಿನಲ್ಲಿ ಕಂಬ ನೆಟ್ಟು ತಂತಿ ಎಳೆದರು. 'ಟಿ' ಆಕಾರದಲ್ಲಿ ಡೈಪೋಲ್ ಎಂಬ 1000 ಸರಳ ತಂತಿ ಆಂಟೆನಾಗಳು, ಪೂರ್ವ–ಪಶ್ಚಿಮ ತೋಳು ಸುಮಾರು 1.4 ಕಿಲೋಮೀಟರ್. ದ್ರಾಕ್ಷಿಯಿಲ್ಲದ ದ್ರಾಕ್ಷಿ ಚಪ್ಪರವೆಂದರೂ ನಡೆದೀತು. ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಒಂದೊಂದು ಅಲೆಯೂ ಸುಮಾರು 8.7 ಮೀಟರ್ ಉದ್ದ. ಇಷ್ಟು ಉದ್ದದ ಅಲೆಗೆ ಚಿತ್ರ ಮಸುಕಾಗುವುದು ಸಹಜ: ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಸಣ್ಣ ವಿವರವೇನೂ ಸರಿಯಾಗಿ ಬಿಡಿಸಿ ಕಾಣದು. ಕ್ಯಾಸಿಯೋಪಿಯಾ ಎ ಅಲ್ಲಿ ಬರೀ ಚುಕ್ಕೆ. ಆದರೆ ಆರು ಚಂದ್ರರಷ್ಟು ಹರಡಿರುವ ಸಿಗ್ನಸ್ ಲೂಪ್ ಎಂಬ ಅವಶೇಷದ ನಕ್ಷೆಯನ್ನು ಈ ತಂತಿಗಳಿಂದಲೇ ತಯಾರಿಸಿ, 1981ರಲ್ಲಿ ಶಾಸ್ತ್ರಿ, ದ್ವಾರಕಾನಾಥ್, ಶೇವಗಾಂವ್ಕರ್ ಪ್ರಕಟಿಸಿದರು.

ಕ್ಷ-ಕಿರಣವೊಂದೇ ಸಾಲದೇ ಎಂದರೆ, ಸಾಲದು. ಸ್ಫೋಟದ ಆಘಾತ ತರಂಗ ಅನಿಲವನ್ನು ಕೋಟ್ಯಂತರ ಡಿಗ್ರಿಗೆ ಕಾಯಿಸುತ್ತದೆ. ಕ್ಷ-ಕಿರಣದ ಬಹುಪಾಲು ಆ ಕಾವಿನದು. ರೇಡಿಯೋ ಬರುವುದು ಕಾವಿನಿಂದಲ್ಲ. ಅದೇ ಆಘಾತ ತರಂಗದ ಹೊಡೆತಕ್ಕೆ ಬೆಳಕಿನ ವೇಗದ ಹತ್ತಿರಕ್ಕೆ ಏರಿದ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವಾಗ ಹೊಮ್ಮುವುದು. ಎಳೆಯ ಅವಶೇಷಗಳ ಅಂಚಿನಲ್ಲಿ ಕ್ಷ-ಕಿರಣವನ್ನೂ ಹೊಮ್ಮಿಸುವಷ್ಟು ಬಿರುಸಿನ ಎಲೆಕ್ಟ್ರಾನ್‌ಗಳಿವೆ. 1006ರಲ್ಲಿ ಕಂಡ ಸೂಪರ್‌ನೋವಾದ, ಅಂದರೆ ನಕ್ಷತ್ರ ಸ್ಫೋಟದ, ಅವಶೇಷದಲ್ಲಿ ಇದು 1995ರಲ್ಲಿ ಖಚಿತವಾಯಿತು. ಈ ಎಲೆಕ್ಟ್ರಾನ್‌ಗಳು ದುಂದುಗಾರರು, ಗಳಿಸಿದ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತವೆ. ಅದಕ್ಕೇ ಆ ಅಂಚು ಕೂದಲೆಳೆಯಂತೆ ತೆಳ್ಳಗಿರುತ್ತದೆ. ರೇಡಿಯೋ ಎಲೆಕ್ಟ್ರಾನ್‌ಗಳದು ಜಿಪುಣರ ಲೆಕ್ಕ. ಸಾವಿರಾರು ವರ್ಷ ಕಳೆದರೂ ಗಂಟು ಕರಗದು. ಮುದಿ ಅವಶೇಷದ ಹಳೆಯ ಕಥೆ ಬೇಕಿದ್ದರೆ ಇವರನ್ನೇ ವಿಚಾರಿಸಬೇಕು.

ಅಷ್ಟೇಕೆ, ಕ್ಯಾಸಿಯೋಪಿಯಾ ಎ ಮೊದಲು ಸಿಕ್ಕಿದ್ದೂ ರೇಡಿಯೋಗೇ, 1948ರಲ್ಲಿ. ಚಂದ್ರಾ ಹಾರಿದ್ದು 1999ರಲ್ಲಿ.

ನಮ್ಮ ಶಾಲೆಗಳ ಪ್ರವಾಸದ ಬಸ್ಸು ನಂದಿಬೆಟ್ಟಕ್ಕೆ ಹೋಗುತ್ತದೆ, ವಿದುರಾಶ್ವತ್ಥಕ್ಕೂ ಹೋಗುತ್ತದೆ. ಹೋಗಲಿ. ಗೌರಿಬಿದನೂರು ಹಾಯುವಾಗ ಮೇಷ್ಟ್ರು ಎದ್ದು ನಿಂತು ಈ ಕಥೆಯನ್ನೂ ಐದು ನಿಮಿಷ ಹೇಳಬಾರದೇ? ಈ ಮಾತೆತ್ತಿದಾಗ ಒಬ್ಬರು, "ಅಲ್ಲಿ ನೋಡುವುದಕ್ಕೇನಿದೆ ಸಾರ್, ತಂತಿ ತಾನೇ?" ಎಂದರು. ಹೌದು ಸ್ವಾಮಿ, ತಂತಿಯೇ.